ಏನು ಮಾಡಿದ್ರಿ ಇದ್ರಲ್ಲಿ?

ಹೋದ ಸೋಮವಾರ ಸಂಜೆ ಮರಗೆಲಸದ ಆಚಾರ್ರು ಮನೆಗೆ ಬಂದಿದ್ದರು. ಬಂದು, ನನ್ನ ಮೆಷಿನ್ ನೋಡಿ, ಮೂರೇ ಪದದ ಒಂದು ಪ್ರಶ್ನೆ ಕೇಳಿ, ಕಾಫಿ ಕುಡಿದು ಹೋದರು. ಇವತ್ತು ಮತ್ತೆ ಸೋಮವಾರ. ಅವರು ಹೋಗಿ ವಾರವಾದರೂ ಪ್ರಶ್ನೆ ಮಾತ್ರ ನಮ್ಮನೆಯಲ್ಲೇ ಉಳಿದಿದೆ. ಸಾರಿಗೆ ಒಗ್ಗರಣೆ ಹಾಕುವಾಗ ಎದುರಿಗೆ ಬರುತ್ತದೆ. ಹತ್ತನೇ ತರಗತಿಗೆ ಓಮ್‌ನ ನಿಯಮ ಹೇಳುವಾಗ ಬೋರ್ಡಿನ ಮೂಲೆಯಲ್ಲಿ ಕಾಣುತ್ತದೆ.

ಮೊದಲು ಮೆಷಿನ್ ವಿಷಯ ಹೇಳಿಬಿಡುತ್ತೇನೆ. ನಮ್ಮ ಮನೆ ಹಾಸನದ ವಿದ್ಯಾನಗರದಲ್ಲಿದೆ. ಕಾರಿಗೆ ಅಂತ ಶೆಡ್ಡು ಕಟ್ಟಿಸಿದ್ದೆವು. ಕಾರು ಬರಲಿಲ್ಲ, ಮೆಷಿನ್ ಬಂತು. ಮರಗೆಲಸದ ಮಲ್ಟಿಪರ್ಪಸ್ ಮೆಷಿನ್. ಮೇಲೆ ಹಲಗೆ ನುಣುಪು ಮಾಡುವ ಪ್ಲೇನರ್, ಪಕ್ಕದಲ್ಲಿ ದುಂಡು ಗರಗಸ, ತುದಿಯಲ್ಲಿ ಡ್ರಿಲ್. ಹಲಗೆ ಉಜ್ಜಬಹುದು, ಸೀಳಬಹುದು, ತೂತು ಕೊರೆಯಬಹುದು, ಅಂಚಿಗೆ ಕಚ್ಚು ತೆಗೆಯಬಹುದು. ಎಲ್ಲಕ್ಕೂ ಸೇರಿ ಒಂದೇ ಮೋಟಾರು, 2 ಎಚ್‌ಪಿ. ಬೀಡು ಕಬ್ಬಿಣದ ಮೈ. ಪಂಜಾಬಿನ ಬಟಾಲಾದಲ್ಲಿ ಎರಕ ಹೊಯ್ದದ್ದು. ತಿಪಟೂರಿನಲ್ಲಿ ಯಾರೋ ವರ್ಕ್‌ಶಾಪ್ ಮುಚ್ಚುತ್ತಿದ್ದರು. ನನಗೆ ಬಾಕಿ ಸಂಬಳ ಒಟ್ಟಿಗೆ ಬಂದಿತ್ತು. 60 ಸಾವಿರ ಕೊಟ್ಟು ತಂದೆ. ಐದು ಜನ ಸೇರಿ ಗೂಡ್ಸ್ ಆಟೋದಿಂದ ಇಳಿಸಿದರು. ನಮ್ಮನೆಯವರ ಸ್ಕೂಟರ್ ಅವತ್ತಿನಿಂದ ಮಳೆಯಲ್ಲಿ ನೆನೆಯುತ್ತಿದೆ. ಅದರ ಬಗ್ಗೆ ಅವರು ದಿನಕ್ಕೆ ಒಂದು ಸಲ ಮಾತ್ರ ಹೇಳುತ್ತಾರೆ. ಒಳ್ಳೆಯ ಮನುಷ್ಯರು.

ಹೈಸ್ಕೂಲ್ ವಿಜ್ಞಾನದ ಟೀಚರಿಗೆ ಇದೆಲ್ಲ ಯಾಕೆ ಅಂತ ಕೇಳದವರಿಲ್ಲ. ಕಾರಣ ಈ ಆಚಾರ್ರೇ. 2003ರಲ್ಲಿ ನಮ್ಮ ಮನೆಯ ಬಾಗಿಲು, ಕಿಟಕಿ ಎಲ್ಲ ಮಾಡಿದವರು ಅವರು. ಕೆಲಸ ಅಂದರೆ ಕೆಲಸ. ಇಪ್ಪತ್ತು ಮಳೆಗಾಲ ಕಳೆದರೂ ನಮ್ಮ ಮುಂಬಾಗಿಲು ಒಂದು ಸಲವೂ ಹಿಡಿದುಕೊಂಡಿಲ್ಲ. ಪಕ್ಕದ ಮನೆಯವರು ಜುಲೈ ಬಂತೆಂದರೆ ಬಾಗಿಲನ್ನು ಕಾಲಲ್ಲಿ ಒದ್ದು ತೆಗೆಯುತ್ತಾರೆ. ಆದರೆ ಅಡುಗೆಮನೆಯ ಒಂದು ಕಿಟಕಿಗೆ ಆರು ತಿಂಗಳು ತೆಗೆದುಕೊಂಡರು. ‘ನಾಳೆ ಬೆಳಗ್ಗೆ ಎಂಟಕ್ಕೆ ಬಂದ್ಬಿಡ್ತೀನಮ್ಮ.’ ಆರು ತಿಂಗಳು ಗೋಣಿಚೀಲ ನೇತುಹಾಕಿಕೊಂಡು ಅಡುಗೆ ಮಾಡಿದ್ದೇನೆ. ಗಾಳಿ ಬಂದಾಗ ಗೋಣಿಯ ನಾರು ಹಾರಿ ಬಂದು ಮೊಸರಿನಲ್ಲಿ ಬೀಳುತ್ತಿತ್ತು. ಆಗಲೇ ತೀರ್ಮಾನಿಸಿದ್ದೆ, ಎಂದಾದರೂ ಒಂದು ದಿನ ಈ ಕೆಲಸ ನಾನೇ ಕಲಿಯುತ್ತೇನೆ ಅಂತ. ಸಿಟ್ಟಿನಿಂದ ಶುರುವಾದ ಹವ್ಯಾಸ ಇದು. ಶ್ರದ್ಧೆಯಿಂದ ಶುರುವಾಯಿತು ಅಂತ ಹೇಳಿದರೆ ಚೆನ್ನಾಗಿರುತ್ತಿತ್ತು, ಆದರೆ ಸುಳ್ಳು.

ಮೆಷಿನ್ ಬಂದ ಮೇಲೆ ಗೊತ್ತಾಯಿತು, ಬೀಡು ಕಬ್ಬಿಣಕ್ಕೂ ನಮ್ಮೂರ ಮಳೆಗಾಲಕ್ಕೂ ಆಗಿಬರುವುದಿಲ್ಲ. ಜೂನ್‌ನಲ್ಲಿ ಜಿಟಿಜಿಟಿ ಹಿಡಿದರೆ ಬಿಡುವುದಿಲ್ಲ. ರಾತ್ರಿ ಒರೆಸಿಟ್ಟ ಮೇಜು ಬೆಳಗ್ಗೆ ನೋಡಿದರೆ ಕೇಸರಿ ಬಣ್ಣ. ಸೀಮೆಎಣ್ಣೆ ಸಿಗದ ಕಾಲ ಇದು. ಆದರೂ ಎಲ್ಲೆಲ್ಲಿಂದಲೋ ತಂದು, ನಯವಾದ ಎಮೆರಿ ಕಾಗದದಲ್ಲಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ, ಮೇಲೆ ಮೇಣದ ಬತ್ತಿ ತಿಕ್ಕುತ್ತೇನೆ. ಮೇಣ ತೇವ ತಡೆಯುತ್ತದೆ, ಹಲಗೆಯೂ ಸಲೀಸಾಗಿ ಜಾರುತ್ತದೆ. ಗ್ರೀಸ್ ಹಚ್ಚಬಾರದು. ಹೊಟ್ಟು ಅಂಟಿಕೊಂಡು ಕೆಸರಾಗುತ್ತದೆ. ಇದನ್ನು ಒಂದು ಸಲ ಹಚ್ಚಿಯೇ ಕಲಿತೆ.

ಬೆಲ್ಟನ್ನು ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚಿನಷ್ಟು ಬಗ್ಗಬೇಕು. ಬಿಗಿಯಾದರೆ ಬೇರಿಂಗ್ ಹೋಗುತ್ತದೆ, ಸಡಿಲವಾದರೆ ಬೆಲ್ಟ್ ಜಾರಿ ಸುಟ್ಟ ವಾಸನೆ. ಮೋಟಾರಿನ ಕೆಪಾಸಿಟರ್ ಹೋದಾಗಿನ ಕಥೆ ಬೇರೆ. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ನನ್ನ ಮೈದುನ ಇದ್ದಾನಲ್ಲ, ಎಲ್ಲವನ್ನೂ ವಿಡಿಯೋ ನೋಡಿ ಕಲಿತವನು, ‘ಕೈಯಲ್ಲಿ ಒಂಚೂರು ತಿರುಗಿಸಿ ಬಿಡಿ ಅತ್ತಿಗೆ, ಹಿಡ್ಕೊಳುತ್ತೆ’ ಅಂದ. ಹಿಡಿದುಕೊಳ್ಳುವುದು ನಿಜವೇ. ಸಿಂಗಲ್ ಫೇಸ್ ಮೋಟಾರಿಗೆ ಸ್ಟಾರ್ಟಿಂಗ್ ಕೆಪಾಸಿಟರ್ ಸತ್ತಿದ್ದರೆ ನಾವು ಯಾವ ಕಡೆ ತಳ್ಳುತ್ತೇವೋ ಆ ಕಡೆಗೇ ಓಡುತ್ತದೆ. ಉಲ್ಟಾ ತಳ್ಳಿದರೆ ಉಲ್ಟಾ. ಪ್ಲೇನರ್ ಉಲ್ಟಾ ತಿರುಗಿದರೆ ಹಲಗೆಯನ್ನು ಕೈಯಿಂದ ಕಿತ್ತುಕೊಂಡು ಎಸೆಯುತ್ತದೆ, ಹಿಂದೆ ಕೈಯೂ ಹೋಗಬಹುದು. ಅವನನ್ನು ಶೆಡ್ಡಿನಿಂದ ಆಚೆ ಕಳಿಸಿ ಹೊಸ ಕೆಪಾಸಿಟರ್ ತಂದೆ. ಅವನಿಗೆ ಇನ್ನೂ ಬೇಜಾರಿದೆ. ಇರಲಿ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಾನು ಮೆಷಿನ್ನನ್ನು ಚೆನ್ನಾಗಿ ಇಟ್ಟುಕೊಂಡಿದ್ದೇನೆ. ಅದರ ಬಗ್ಗೆ ನನಗೆ ಹೆಮ್ಮೆ ಇತ್ತು. ಒಂದು ನೋಟ್‌ಬುಕ್ಕೇ ಇದೆ. ಯಾವತ್ತು ಎಣ್ಣೆ ಬಿಟ್ಟೆ, ಯಾವತ್ತು ಬೆಲ್ಟ್ ಬದಲಾಯಿಸಿದೆ, ಎಲ್ಲ ತಾರೀಕಿನ ಸಮೇತ.

ಮೇ ತಿಂಗಳ ರಜೆಯಲ್ಲಿ ಪೂರ್ತಿ ಬಿಚ್ಚಿ ಸರ್ವಿಸ್ ಮಾಡಿದೆ. ಬೇರಿಂಗ್ ಎರಡೂ ಹೊಸದು. ಹಳೆಯದರ ಮೇಲೆ 6205 ಅಂತಿತ್ತು. ಇದರಲ್ಲೊಂದು ಮಜಾ ಇದೆ. ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಅದನ್ನು ಐದರಿಂದ ಗುಣಿಸಿದಾಗ ಬೇರಿಂಗಿನ ಒಳತೂತಿನ ಅಳತೆ ಮಿಲಿಮೀಟರಿನಲ್ಲಿ ಬರುತ್ತದೆ. 05 ಅಂದರೆ 25 ಮಿ.ಮೀ. ಅಂಗಡಿಯ ಹುಡುಗನಿಗೆ ಹೇಳಿದರೆ ‘ಹೌದಾ ಮೇಡಂ’ ಅಂದು ಬಿಲ್ ಬರೆದ. ಎರಡೂ ಕಡೆ ರಬ್ಬರ್ ಮುಚ್ಚಳ ಇರುವುದನ್ನೇ ಕೇಳಿ ತಂದೆ. ಮರದ ಹೊಟ್ಟು ಒಳಗೆ ಹೋಗಬಾರದಲ್ಲ. ಬೇಲೂರಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ನರಸಿಂಹ ಕಂಬದ ಮುಂದೆ ಗೈಡ್ ಹೇಳುತ್ತಾರೆ, ಇದು ಹಿಂದೆ ತಿರುಗುತ್ತಿತ್ತು ಅಂತ. ಮಕ್ಕಳು ನನ್ನ ಕಡೆ ತಿರುಗಿ, ‘ಮಿಸ್, ಬೇರಿಂಗ್ ಇತ್ತಾ?’ ಅಂತ ಕೇಳುತ್ತಾರೆ. ಅಷ್ಟರ ಮಟ್ಟಿಗೆ ನನ್ನ ಹುಚ್ಚು ಶಾಲೆಗೂ ಗೊತ್ತಾಗಿದೆ.

ಸರ್ವಿಸ್ ಮುಗಿಸಿ, ಬ್ಲೇಡ್ ತೊಳೆದು ಹಾಕಿ, ಪರೀಕ್ಷೆಗೆ ಅಂತ ಒಂದು ಸಿಲ್ವರ್ ಓಕ್ ತುಂಡು ಓಡಿಸಿದೆ. ನುಣುಪಾಗುವ ಬದಲು ಮೇಲೆಲ್ಲ ಸಣ್ಣ ಸಣ್ಣ ಅಲೆ. ಬಾಚಣಿಗೆ ಎಳೆದ ಹಾಗೆ. ಬೆಲ್ಟ್ ಬಿಗಿ ಮಾಡಿದೆ, ಸಡಿಲ ಮಾಡಿದೆ. ಪುಲ್ಲಿ ಒಂದೇ ಸಾಲಲ್ಲಿದೆಯಾ ಅಂತ ದಾರ ಹಿಡಿದು ನೋಡಿದೆ. ಜೂನ್ ಪೂರ್ತಿ ಇದರಲ್ಲೇ ಹೋಯಿತು. ಕೊನೆಗೆ ಮಾನ ಬಿಟ್ಟು ಆಚಾರ್ರಿಗೆ ಫೋನ್ ಮಾಡಿದೆ. ‘ಸಂಜೆ ಬರ್ತೀನಮ್ಮ’ ಅಂದರು. ನಾನು ಕ್ಯಾಲೆಂಡರ್ ನೋಡಿ ದಸರಾ ಹೊತ್ತಿಗೆ ಬರಬಹುದು ಅಂದುಕೊಂಡೆ. ಅವತ್ತೇ ಸಂಜೆ ಐದೂವರೆಗೆ ಗೇಟ್ ಸದ್ದಾಯಿತು! ನಮ್ಮನೆಯವರು ಟಿವಿ ಆಫ್ ಮಾಡಿ ಎದ್ದು ಬಂದರು ನೋಡಲು.

ಆಚಾರ್ರು ಛತ್ರಿ ಮಡಚಿ ಮೂಲೆಗಿಟ್ಟರು. ಮೆಷಿನ್ ಮೇಲೆ ಹೊದಿಸಿದ್ದ ನನ್ನ ಹಳೇ ಕಾಟನ್ ಸೀರೆ ಎತ್ತಿದರು. ಅದರ ಕೆಳಗೆ ಪ್ಲಾಸ್ಟಿಕ್ ಹಾಳೆ. ಅದನ್ನೂ ಎತ್ತಿದರು. ಅದರ ಕೆಳಗೆ ದಿನಪತ್ರಿಕೆ. ಅದನ್ನೂ ಎತ್ತಿದರು. ಮೇಜು ಕನ್ನಡಿಯಂತೆ ಹೊಳೆಯುತ್ತಿತ್ತು. ಹೋದ ವರ್ಷದ ಆಯುಧಪೂಜೆಯ ಕುಂಕುಮ ಸ್ವಿಚ್ಚಿನ ಡಬ್ಬಿ ಮೇಲೆ ಹಾಗೇ ಇತ್ತು. ಅವರು ಅಂಗೈ ಪೂರ್ತಿ ಮೇಜಿನ ಮೇಲೆ ಇಟ್ಟು ಒಂದು ಸಲ ನಿಧಾನವಾಗಿ ಸವರಿದರು.

‘ಹಾಸನಾಂಬೆ ಗುಡಿ ಆಗೋಗಿದೆಯಲ್ಲಮ್ಮ ಇದು’ ಅಂದರು.

ನಮ್ಮನೆಯವರು ಜೋರಾಗಿ ನಕ್ಕರು. ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳುವುದಾದರೆ, ನಮ್ಮ ಹಾಸನಾಂಬೆಯ ಗುಡಿ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಸುಮಾರಿಗೆ. ಕೆಲವು ದಿನ ದರ್ಶನ, ಆಮೇಲೆ ಬಾಗಿಲು. ಹಚ್ಚಿಟ್ಟ ದೀಪ ಮುಂದಿನ ವರ್ಷ ತೆಗೆದಾಗಲೂ ಉರಿಯುತ್ತಿರುತ್ತದೆ, ಹೂವು ಬಾಡಿರುವುದಿಲ್ಲ ಅನ್ನುವುದು ನಂಬಿಕೆ.

ಆಮೇಲೆ ಆಚಾರ್ರು ನನ್ನ ಕಡೆ ತಿರುಗಿ ಕೇಳಿದರು. ‘ಏನು ಮಾಡಿದ್ರಿ ಇದ್ರಲ್ಲಿ?’

ನಾನು ಉತ್ಸಾಹದಿಂದ ಶುರು ಮಾಡಿದೆ. ಬೇರಿಂಗ್ ಬದಲಾಯಿಸಿದೆ, ಬೆಲ್ಟ್ ಹೊಸದು ಹಾಕಿದೆ, ಮೋಟಾರ್ ಬಿಚ್ಚಿ ಹೊಟ್ಟು ಊದಿದೆ, ಮೇಣ ತಿಕ್ಕಿದೆ. ನೋಟ್‌ಬುಕ್ ತರಲು ಒಳಗೆ ಹೊರಟಿದ್ದೆ. ಅವರು ಪೂರ್ತಿ ಕೇಳಿಸಿಕೊಂಡರು. ಮಧ್ಯೆ ಬಾಯಿ ಹಾಕಲಿಲ್ಲ.

‘ಅದಲ್ಲಮ್ಮ. ಏನು ಮಾಡಿದ್ರಿ ಇದ್ರಲ್ಲಿ?’

ಆಗ ಅರ್ಥವಾಯಿತು. ‘ಒಂದು ಸ್ಟೂಲು’ ಅಂದೆ. ‘ಆಮೇಲೆ ಬೀಗದ ಕೈ ನೇತುಹಾಕೋ ಹಲಗೆ.’ ಆಮೇಲೆ ಏನು ಅಂತ ಯೋಚಿಸಿದೆ. ಏನೂ ಇರಲಿಲ್ಲ. ನಾಲ್ಕು ವರ್ಷ.

‘ಹೂಂ’ ಅಂದರು. ಅಷ್ಟೇ. ನಕ್ಕಿದ್ದರೆ ವಾಸಿಯಿತ್ತು.

ರೋಗ ಹಿಡಿಯಲು ಅವರಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಮೋಟಾರ್ ಹಾಕಲೇ ಇಲ್ಲ. ಮೊದಲು ಮೇನ್ ಸ್ವಿಚ್ ತೆಗೆಸಿದರು. ನೇರವಾದ ಒಂದು ರಿಪೀಸ್ ತುಂಡು, ಅಂದರೆ ಸಣ್ಣ ಮರದ ಪಟ್ಟಿ, ತೆಗೆದುಕೊಂಡು, ಹಲಗೆ ಹೊರಗೆ ಬರುವ ಕಡೆಯ ಮೇಜಿನ ಮೇಲೆ, ಬ್ಲೇಡಿನ ಉರುಳೆಗೆ ಚಾಚಿಕೊಳ್ಳುವಂತೆ ಇಟ್ಟರು. ಮೇಜಿನ ಅಂಚು ಬರುವ ಜಾಗಕ್ಕೆ ಪೆನ್ಸಿಲಿನಲ್ಲಿ ಗೀಟು. ಉರುಳೆಯನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿದರು. ಬ್ಲೇಡಿನ ತುದಿ ತುಂಡನ್ನು ಮುಟ್ಟಿ ಮೂರು ಮಿಲಿಮೀಟರಿನಷ್ಟು ಮುಂದಕ್ಕೆ ಎಳೆದು ಬಿಟ್ಟಿತು. ಮತ್ತೆ ಗೀಟು. ಇನ್ನೊಂದು ಬ್ಲೇಡ್ ಬಂತು. ತುಂಡು ಅಲ್ಲಾಡಲೇ ಇಲ್ಲ.

‘ಒಬ್ಬ ದುಡೀತಾವ್ನೆ, ಇನ್ನೊಬ್ಬ ಸುಮ್ನೆ ಸುತ್ತುತಾವ್ನೆ’ ಅಂದರು. ‘ಬ್ಲೇಡ್ ಬಿಚ್ಚಿದ್ರಾ?’

ಬಿಚ್ಚಿದ್ದೆ. ತೊಳೆಯಲು. ಚೆನ್ನಾಗಿಯೇ ಇದ್ದದ್ದನ್ನು ಬಿಚ್ಚಿ, ತೊಳೆದು, ಒರೆಸಿ, ಒಂದನ್ನು ಕೂದಲೆಳೆಯಷ್ಟು ಕೆಳಗೆ ಕೂರಿಸಿದ್ದೆ. ಕೆಲಸ ಮಾಡಿಸಿ ಕೆಡಿಸಿದ್ದಲ್ಲ, ಸ್ವಚ್ಛ ಮಾಡಿ ಕೆಡಿಸಿದ್ದು.

ಬ್ಲೇಡ್ ಎರಡನ್ನೂ ಹಳೇ ಪೇಪರಿನಲ್ಲಿ ಸುತ್ತಿಕೊಂಡರು. ಮೊಂಡಾಗಿಯೂ ಇವೆ, ಸಾಣೆ ಹಿಡಿಸಿ ತರುತ್ತೇನೆ ಅಂದರು. ಎರಡನ್ನೂ ಒಟ್ಟಿಗೇ ಹಿಡಿಸಬೇಕಂತೆ. ಒಂದರ ತೂಕ ಹೆಚ್ಚು ಕಡಿಮೆಯಾದರೆ ಆ ವೇಗದಲ್ಲಿ ಉರುಳೆ ನಡುಗುತ್ತದೆ. ಕಾಫಿ ಕುಡಿಯುವಾಗ ಅವರ ಎಡಗೈ ನೋಡಿದೆ. ತೋರುಬೆರಳು ಅರ್ಧ ಇಲ್ಲ. ಅದನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಶಾಲೆಯಲ್ಲಿ ಸುರಕ್ಷತೆಯ ಪಾಠ ಬಂದಾಗಲೆಲ್ಲ ‘ನಮ್ಮ ಮನೆ ಕೆಲಸ ಮಾಡಿದ ಆಚಾರ್ರ ಬೆರಳು ಮೆಷಿನ್ನಿಗೆ ಹೋಗಿದೆ’ ಅಂತ ಮಕ್ಕಳನ್ನು ಹೆದರಿಸಿದ್ದೇನೆ. ಅವತ್ತು ಧೈರ್ಯ ಮಾಡಿ ಕೇಳಿದೆ. ‘ಮೆಷಿನ್ನಿಗಲ್ಲಮ್ಮ, ಬಸ್ಸಿನ ಬಾಗಿಲಿಗೆ’ ಅಂದರು. ‘ಅರಸೀಕೆರೆ ಸ್ಟ್ಯಾಂಡಲ್ಲಿ.’ ಎಷ್ಟು ಬ್ಯಾಚ್ ಮಕ್ಕಳಿಗೆ ತಪ್ಪು ಹೇಳಿದ್ದೇನೋ.

ಅವರು ಹೋದ ಮೇಲೆ ನನಗೆ ಸಿಟ್ಟು ಬಂತು. ನನ್ನದು ಯಾವಾಗಲೂ ಹಾಗೆ, ನಾಲ್ಕು ಗಂಟೆ ತಡ. ಏನು ಮಾಡಿದ್ರಿ ಅಂತ ಕೇಳಲು ಇವರು ಯಾರು? ನನ್ನ ದುಡ್ಡು, ನನ್ನ ಶೆಡ್ಡು. ನಮ್ಮ ಬೀದಿಯಲ್ಲಿ ನಾಲ್ಕು ಮನೆ ಮುಂದೆ ಕಾರು ಕವರ್ ಹೊದ್ದುಕೊಂಡು ನಿಂತಿದೆ. ಯುಗಾದಿಗೊಮ್ಮೆ ಧರ್ಮಸ್ಥಳಕ್ಕೆ ಹೋಗಿ ಬರುತ್ತವೆ. ಅವರನ್ನು ಯಾರಾದರೂ ಕೇಳುತ್ತಾರಾ? ಗಂಡಸು ಕಾರು ಒರೆಸಿದರೆ ಶೋಕಿ, ಹೆಂಗಸು ಮೆಷಿನ್ ಒರೆಸಿದರೆ ಲೆಕ್ಕ ಕೇಳುವುದು. ಕಿಟಕಿಗೆ ಆರು ತಿಂಗಳು ತೆಗೆದುಕೊಂಡ ಮನುಷ್ಯ ಬೇರೆ!

ಸಿಟ್ಟಿಗೆ ನಿದ್ದೆ ಬರಲಿಲ್ಲ. ಎದ್ದು ಕೂತು ಲೆಕ್ಕ ಹಾಕಿದೆ. ಮೋಟಾರ್ ನಿಮಿಷಕ್ಕೆ 2880 ಸುತ್ತು. ಮೋಟಾರಿನ ಪುಲ್ಲಿ 5 ಇಂಚು, ಉರುಳೆಯದ್ದು 3 ಇಂಚು. ಅಂದರೆ ಉರುಳೆ 4800 ಸುತ್ತು. ಎರಡು ಬ್ಲೇಡೂ ಕೊಯ್ದರೆ ನಿಮಿಷಕ್ಕೆ 9600 ಕೊಯ್ತ. ಹಲಗೆಯನ್ನು ನಿಮಿಷಕ್ಕೆ 5 ಮೀಟರ್ ತಳ್ಳಿದರೆ ಅರ್ಧ ಮಿಲಿಮೀಟರಿಗೊಂದು ಕೊಯ್ತ. ಕಣ್ಣಿಗೆ ನುಣುಪು. ಒಂದೇ ಬ್ಲೇಡ್ ದುಡಿದರೆ ಮಿಲಿಮೀಟರಿಗೊಂದು. ಅದೇ ಆ ಅಲೆ. ಲೆಕ್ಕ ಸರಿಯಾಗಿ ಕೂತಿತು. ಆದರೆ ಲೆಕ್ಕ ಸರಿಯಾದರೂ ಸಿಟ್ಟು ಇಳಿಯಲಿಲ್ಲ. ಇಷ್ಟು ಸುಲಭದ ಲೆಕ್ಕವನ್ನು ಜೂನ್ ತಿಂಗಳಲ್ಲೇ ಯಾಕೆ ಹಾಕಲಿಲ್ಲ ಅಂತ ನನ್ನ ಮೇಲೇ ತಿರುಗಿತು.

ಮಂಗಳವಾರ ಅಮ್ಮನ ನೆನಪಾಯಿತು. ಸಕಲೇಶಪುರದ ಕಡೆ ನನ್ನ ತವರು. ಅಟ್ಟದ ಮೇಲೆ ಹಿತ್ತಾಳೆಯ ಕೊಳದಪ್ಪಲೆಗಳು, ಒಂದರೊಳಗೊಂದು. ಪ್ರತಿ ಹಬ್ಬಕ್ಕೆ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗಿಟ್ಟು, ಮತ್ತೆ ಅಟ್ಟಕ್ಕೆ. ‘ನಿನ್ನ ಮದುವೆಗೆ ಬೇಕಾಗುತ್ತೆ’ ಅನ್ನುತ್ತಿದ್ದಳು. ನನ್ನ ಮದುವೆ ಛತ್ರದಲ್ಲಾಯಿತು. ಪಾತ್ರೆ ಬಾಡಿಗೆಯಲ್ಲೇ ಸೇರಿತ್ತು. ಆ ಕೊಳದಪ್ಪಲೆಯಲ್ಲಿ ಬೇಯಿಸಿದ ಅನ್ನದ ರುಚಿ ಹೇಗಿರುತ್ತದೆ ಅಂತ ನನಗೆ ಗೊತ್ತಿಲ್ಲ. ಅಮ್ಮನಿಗೂ ಗೊತ್ತಿತ್ತೋ ಇಲ್ಲವೋ. ತಿಕ್ಕಿ ತಿಕ್ಕಿ ಅವಳ ಉಗುರು ಮಾತ್ರ ಸವೆದಿತ್ತು.

ಬುಧವಾರ ಇನ್ನೂ ಕೆಟ್ಟದಾಯಿತು. ನಮ್ಮ ಪ್ರಯೋಗಾಲಯದ ಬೀರು ನನ್ನ ಸುಪರ್ದಿಯಲ್ಲಿದೆ. ಬೀಗದ ಕೈ ನನ್ನ ಬ್ಯಾಗಿನಲ್ಲಿ. ವರ್ಷಕ್ಕೊಮ್ಮೆ ಸ್ಟಾಕ್ ರಿಜಿಸ್ಟರ್ ತೆಗೆದು, ಪ್ರಿಸಂ 6, ಮಸೂರ 12, ಸೂಕ್ಷ್ಮದರ್ಶಕ 2, ಪ್ರತಿಯೊಂದರ ಮುಂದೆ ‘ಸುಸ್ಥಿತಿಯಲ್ಲಿದೆ’ ಅಂತ ಬರೆದು ಸಹಿ ಹಾಕುತ್ತೇನೆ. ಹದಿನಾಲ್ಕು ವರ್ಷದಿಂದ ಸುಸ್ಥಿತಿಯಲ್ಲಿದೆ. ಒಂದು ಪ್ರಿಸಂ ಕೂಡ ಒಡೆದಿಲ್ಲ. ಹತ್ತಿಯಲ್ಲಿ ಸುತ್ತಿಟ್ಟಿದ್ದೇನೆ. ನಾನು ಎತ್ತಿ ಹಿಡಿದು ತೋರಿಸುತ್ತೇನೆ, ಮಕ್ಕಳು ಬೆಂಚಿನಿಂದಲೇ ನೋಡುತ್ತಾರೆ. ಮುಟ್ಟಿದರೆ ಒಡೆಯುತ್ತದೆ, ಒಡೆದರೆ ನಾನು ಉತ್ತರ ಹೇಳಬೇಕು. ಈ ಹೆದರಿಕೆ ನನ್ನೊಬ್ಬಳದ್ದಲ್ಲ ಬಿಡಿ. ಬೇರೆ ಶಾಲೆಗಳ ವಿಜ್ಞಾನ ಟೀಚರುಗಳನ್ನು ಕೇಳಿ ನೋಡಿದ್ದೇನೆ, ಎಲ್ಲರ ಬೀಗದ ಕೈಯೂ ಬ್ಯಾಗಿನಲ್ಲೇ ಇದೆ. ಆದರೆ ಆ ರಿಜಿಸ್ಟರಿನಲ್ಲಿ ‘ಏನು ಮಾಡಿದ್ರಿ ಇದ್ರಲ್ಲಿ’ ಅಂತ ಒಂದು ಕಾಲಂ ಇದ್ದಿದ್ದರೆ ನಾನು ಏನು ತುಂಬುತ್ತಿದ್ದೆ? ಸ್ಟೂಲು, ಬೀಗದ ಕೈ ಹಲಗೆ, ಅಷ್ಟೇ.

ಬುಧವಾರ ಮಧ್ಯಾಹ್ನ ಬೀರು ತೆಗೆದು ಆರು ಪ್ರಿಸಂಗಳನ್ನೂ ಹೊರಗೆ ಕೊಟ್ಟೆ. ಜುಲೈ ತಿಂಗಳು, ಬಿಸಿಲಿನ ಸುಳಿವೇ ಇಲ್ಲ. ಬುದ್ಧಿವಂತಿಕೆಯ ಕೆಲಸವಲ್ಲ. ಮಕ್ಕಳು ಮೊಬೈಲ್ ಟಾರ್ಚ್ ಬೇಕು ಅಂತ ಸ್ಟಾಫ್ ರೂಮಿಗೆ ನುಗ್ಗಿದರು. ಕಾಮನಬಿಲ್ಲು ಸರಿಯಾಗಿ ಬರಲಿಲ್ಲ, ಗದ್ದಲ ಮಾತ್ರ ಬಂತು. ಶುಕ್ರವಾರದ ಹೊತ್ತಿಗೆ ಒಂದು ಪ್ರಿಸಂನ ಮೂಲೆ ಚಕ್ಕೆ ಎದ್ದಿತ್ತು. ರಿಜಿಸ್ಟರಿನಲ್ಲಿ ಏನಂತ ಬರೆಯಬೇಕೋ ಇನ್ನೂ ತೀರ್ಮಾನಿಸಿಲ್ಲ.

ಗುರುವಾರ ಬಿ.ಎಂ. ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ, ಮೇಣದ ಬತ್ತಿಗೆ ಅಲ್ಲ, ಮೊಳೆಗೆ. ಮಾತಿಗೆ ಮಾತು ಬಂದು ಅಂಗಡಿಯವರು ಹೇಳಿದರು, ಆಚಾರ್ರು ಹೋದ ವರ್ಷ ಅವರ ಮೆಷಿನ್ ಮಾರಿಬಿಟ್ಟರಂತೆ. ಶೆಡ್ಡೂ ಖಾಲಿ ಮಾಡಿದರಂತೆ. ಈಗ ಎಲ್ಲರೂ ರೆಡಿಮೇಡ್ ಫ್ಲಶ್ ಡೋರ್, ಯುಪಿವಿಸಿ ಕಿಟಕಿ. ಮಗ ಬೆಂಗಳೂರಿನಲ್ಲಿ ಮಾಡ್ಯುಲರ್ ಕಿಚನ್ ಕೂರಿಸುವ ಕೆಲಸದಲ್ಲಿದ್ದಾನಂತೆ. ಸ್ಕ್ರೂ ಹಾಕುವ ಕೆಲಸ. ಸೋಮವಾರ ಫೋನ್ ಮಾಡಿದ ಸಂಜೆಯೇ ಬಂದರಲ್ಲ ಆಚಾರ್ರು, ಅದೂ ಹೇಳಿದ ಹೊತ್ತಿಗೆ. ಕೆಲಸವಿಲ್ಲ, ಅದಕ್ಕೆ.

ದಾರಿಯುದ್ದಕ್ಕೂ ಆ ದೃಶ್ಯ ಮತ್ತೆ ಮತ್ತೆ ನೋಡಿಕೊಂಡು ಬಂದೆ. ಮೂರು ಹೊದಿಕೆ ಎತ್ತಿದ್ದು. ಅಂಗೈ ಇಟ್ಟು ಸವರಿದ್ದು. ನನ್ನ ಪಟ್ಟಿ ಮುಗಿಯುವವರೆಗೆ ತಾಳ್ಮೆಯಿಂದ ನಿಂತದ್ದು. ‘ಹೂಂ’ ಅಂದದ್ದು. ಅದು ಬೈಗುಳ ಅಲ್ಲವೇ ಅಲ್ಲ ಅನ್ನಿಸಿತು. ಕೈಯಲ್ಲಿ ಕಸುಬು ಇದ್ದೂ ಮೆಷಿನ್ ಇಲ್ಲದವರು, ಮೆಷಿನ್ ಇದ್ದೂ ಕೆಲಸ ಮಾಡದವಳನ್ನು ಕೇಳಿದ ಮಾತು ಅದು. ಕಣ್ಣು ತುಂಬಿತು. ರಿಂಗ್ ರೋಡಿನಲ್ಲಿ ಸ್ಕೂಟಿ ಓಡಿಸುತ್ತಾ ಅಳುವುದು ಒಳ್ಳೆಯದಲ್ಲ, ಮಳೆ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಮನೆಗೆ ಬಂದು ನಮ್ಮನೆಯವರಿಗೆ ಹೇಳಿದೆ, ಆಚಾರ್ರಿಗೆ ಶೆಡ್ಡಿನ ಒಂದು ಕೀ ಕೊಟ್ಟುಬಿಡೋಣ, ಬೇಕಾದಾಗ ಬಂದು ಕೆಲಸ ಮಾಡಿಕೊಳ್ಳಲಿ. ‘ಮೊದಲು ಅವರನ್ನ ಕೇಳು’ ಅಂದರು. ನಮ್ಮನೆಯವರಿಗೆ ಭಾವನೆ ಕಡಿಮೆ ಅಂದುಕೊಂಡೆ.

ನಿನ್ನೆ ಭಾನುವಾರ ಬೆಳಗ್ಗೆ ಆಚಾರ್ರು ಬಂದರು. ಎಂಟಕ್ಕೆ ಅಂದಿದ್ದರು, ಎಂಟೂಕಾಲಿಗೆ ಬಂದರು. ಬ್ಲೇಡಿನ ಅಂಚು ನೀಲಿಯಾಗದಂತೆ ಸಾಣೆ ಹಿಡಿಸಿದ್ದರು. ಬಿಸಿಯಾಗಿ ನೀಲಿ ತಿರುಗಿದರೆ ಹದ ಹೋಯಿತು ಅಂತ ಲೆಕ್ಕ. ಕೂರಿಸುವ ಕೆಲಸ ನನ್ನ ಕೈಯಲ್ಲೇ ಮಾಡಿಸಿದರು. ಬಲಗಡೆ ತುದಿಗೆ ರಿಪೀಸ್ ತುಂಡು ಇಟ್ಟು ತಿರುಗಿಸು, ಗೀಟು ನೋಡು. ಎಡಗಡೆ ಇಡು, ನೋಡು. ಆಮೇಲೆ ಇನ್ನೊಂದು ಬ್ಲೇಡು. ನಾಲ್ಕೂ ಕಡೆ ಒಂದೇ ಅಳತೆ ಎಳೆಯುವವರೆಗೆ ಬಿಡಲಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು. ಬೋಲ್ಟನ್ನು ಒಂದೇ ಸಲ ಪೂರ್ತಿ ಬಿಗಿಯಬಾರದು, ನಡುವಿನಿಂದ ಶುರುಮಾಡಿ ಎರಡೂ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋಗಬೇಕು.

‘ಏನು ಉಜ್ಜೋಣ?’ ಅಂದರು.

ಗೋಡೆ ಪಕ್ಕದಲ್ಲಿ ಹಲಸಿನ ಹಲಗೆ ಇದ್ದವು. 2019ರ ಆಗಸ್ಟ್ ಮಳೆಯಲ್ಲಿ ತವರಿನ ಹಿತ್ತಿಲ ಹಲಸು ಬಿದ್ದಿತ್ತು. ಸಾಮಿಲ್ಲಿನಲ್ಲಿ ಒಂದೂವರೆ ಇಂಚಿಗೆ ಸೀಳಿಸಿ, ನಡುವೆ ರಿಪೀಸ್ ಕೊಟ್ಟು ಒಣಗಲು ಪೇರಿಸಿದ್ದೆ. ಇಂಚಿಗೆ ಒಂದು ವರ್ಷ ಅನ್ನುತ್ತಾರೆ. ಆ ಲೆಕ್ಕದಲ್ಲಿ ಅದು ಒಣಗಿ ಎಷ್ಟೋ ಕಾಲವಾಗಿದೆ. ಒಳ್ಳೆಯ ಕೆಲಸಕ್ಕೆ ಇರಲಿ ಅಂತ ಇಟ್ಟಿದ್ದೆ. ಯಾವ ಒಳ್ಳೆಯ ಕೆಲಸ ಅಂತ ನನಗೂ ಗೊತ್ತಿರಲಿಲ್ಲ. ಆಚಾರ್ರು ಒಂದನ್ನು ಎತ್ತಿ, ಅಂಚಿನಲ್ಲಿ ನಾರು ಯಾವ ಕಡೆ ಏರಿದೆ ನೋಡಿ, ತಿರುಗಿಸಿ ನನ್ನ ಕೈಗೆ ಕೊಟ್ಟರು. ನಾರಿನ ಎದುರಿಗೆ ಓಡಿಸಿದರೆ ಸಿಬಿರು ಎದ್ದು ಬರುತ್ತದೆ. ‘ಕೈ ಬ್ಲೇಡಿನ ಮೇಲೆ ಹೋಗಬಾರದು. ತಳ್ಳೋ ಕೋಲು ಎಲ್ಲಿ? ಬಳೆ ತೆಗೆದಿಡಿ. ಸೆರಗು ಸಿಗಿಸ್ಕೊಳ್ಳಿ.’ ಸೆರಗು ಇಳಿಬಿಟ್ಟುಕೊಂಡು ಶೆಡ್ಡಿಗೆ ಬರಬಾರದು ಅಂತ ನನಗೂ ಗೊತ್ತು, ಆದರೂ ಅವರಿಂದ ಹೇಳಿಸಿಕೊಂಡೆ.

ಮೊದಲ ಓಟದಲ್ಲಿ ಬೂದು ಬಣ್ಣದ ಧೂಳು ಹೋಯಿತು. ಎರಡನೇ ಓಟದಲ್ಲಿ ಹಳದಿ ಕಂಡಿತು. ಮೂರನೆಯದಕ್ಕೆ ಹಲಗೆ ಪೂರ್ತಿ ಅರಿಶಿನ. ಸದ್ದು ಬೇರೆಯಾಗಿತ್ತು. ಮೊದಲು ಗರ್ ಗರ್ ಅನ್ನುತ್ತಿದ್ದದ್ದು ಈಗ ಬಟ್ಟೆ ಹರಿದ ಹಾಗೆ ಒಂದೇ ಸಮ. ಬೆರಳಾಡಿಸಿದೆ. ಅಲೆ ಇಲ್ಲ. ಕೊನೆಯ ಎರಡು ಇಂಚಿನಲ್ಲಿ ಮಾತ್ರ ಸಣ್ಣ ತಗ್ಗು. ಹೊರಗಿನ ಮೇಜು ಬ್ಲೇಡಿಗಿಂತ ಒಂದು ಕೂದಲು ಕೆಳಗಿದೆ ಅಂದರು ಆಚಾರ್ರು. ಸರಿ ಮಾಡಿ ಮತ್ತೊಂದು ಓಡಿಸಿದೆವು. ಆಮೇಲೆ ಇನ್ನೊಂದು. ಏಳು ಹಲಗೆ. ಹನ್ನೊಂದು ಗಂಟೆಗೆ ಕರೆಂಟ್ ಹೋಗದಿದ್ದರೆ ಎಲ್ಲವನ್ನೂ ಮುಗಿಸುತ್ತಿದ್ದೆವು.

ಶೆಡ್ಡಿನ ನೆಲದ ಮೇಲೆ ಮೊಣಕಾಲುದ್ದ ಹಳದಿ ಸುರುಳಿ. ಹಲಸಿನ ಚಕ್ಕೆ ಬೇಯಿಸಿದ ನೀರಿನಲ್ಲೇ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕುತ್ತಿದ್ದರು ಅಂತ ಓದಿದ್ದೆ. ಆಚಾರ್ರಿಗೆ ಹೇಳಿದೆ. ‘ಹೌದಾ’ ಅಂದರು, ಬೇರಿಂಗ್ ಅಂಗಡಿ ಹುಡುಗನ ಹಾಗೇ.

ಆಗ ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ. ‘ಆಚಾರ್ರೇ, ನೀವು ಮೆಷಿನ್ ಮಾರಿದ್ರಂತೆ. ಬೇಜಾರು ಮಾಡ್ಕೋಬೇಡಿ. ಇದು ನಿ‌ಮ್ಮದೇ ಅಂದ್ಕೊಳ್ಳಿ. ಯಾವಾಗ ಬೇಕಾದ್ರೂ ಬಂದು ಕೆಲಸ ಮಾಡಿ. ಕೀ ಕೊಡ್ತೀನಿ.’

ಅವರು ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ಸೋಮವಾರ ನಗದವರು ಭಾನುವಾರ ನಕ್ಕರು.

‘ಅಯ್ಯೋ ಬೇಡಮ್ಮ! ಮೂವತ್ತೈದು ವರ್ಷ ಕೇಳಿದೀನಿ ಈ ಸದ್ದು. ಕಿವಿನೂ ಹೋಗಿದೆ, ಸೊಂಟನೂ ಹೋಗಿದೆ. ಒಳ್ಳೆ ರೇಟಿಗೆ ಹೋಯ್ತು, ಮಾರಿದ್ದೇ ಪುಣ್ಯ. ಈಗ ಆರಾಮಾಗಿದೀನಿ, ಎರಡು ಹಸು ಕಟ್ಟಿದೀನಿ.’

‘ಮತ್ತೆ ಅವತ್ತು ಕೇಳಿದ್ರಲ್ಲ, ಏನು ಮಾಡಿದ್ರಿ ಇದ್ರಲ್ಲಿ ಅಂತ?’

‘ಕೇಳಿದ್ನಾ?’ ಸ್ವಲ್ಪ ಯೋಚಿಸಿದರು. ‘ಯಾವ ಮರ ಓಡಿಸಿದ್ರಿ ಅಂತ ಗೊತ್ತಾದ್ರೆ ಬ್ಲೇಡ್ ಎಷ್ಟು ಸವೆದಿರುತ್ತೆ ಅಂತ ಗೊತ್ತಾಗುತ್ತಲ್ಲಮ್ಮ. ಅದಕ್ಕೆ ಕೇಳಿರ್ತೀನಿ.’

ನಮ್ಮನೆಯವರು ಬಾಗಿಲಲ್ಲೇ ನಿಂತಿದ್ದರು. ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕಾಫಿ ಲೋಟ ಒಳಗೆ ತೆಗೆದುಕೊಂಡು ಹೋಗುವಾಗ ಅವರ ಭುಜ ಅಲುಗುತ್ತಿತ್ತು.

ಎಷ್ಟಾಯಿತು ಅಂತ ಕೇಳಿದೆ. ಸಾಣೆಗೆ ಇನ್ನೂರು, ನನಗೆ ಐನೂರು ಕೊಡಿ ಅಂದರು. ಕೊಟ್ಟೆ. ಆಮೇಲೆ ಒಂದು ಖಾಲಿ ಚೀಲ ಕೇಳಿದರು. ಅಕ್ಕಿ ಚೀಲ ಕೊಟ್ಟೆ. ನೆಲದ ಮೇಲಿದ್ದ ಹಳದಿ ಸುರುಳಿಯನ್ನೆಲ್ಲ ಕೈಯಲ್ಲಿ ಬಾಚಿ, ಕಾಲಲ್ಲಿ ತುಳಿದು ತುಳಿದು ಚೀಲಕ್ಕೆ ತುಂಬಿದರು. ಬಚ್ಚಲ ಒಲೆಗೆ ಚೆನ್ನಾಗಿ ಹತ್ತಿಕೊಳ್ಳುತ್ತದಂತೆ. ಬಾಯಿ ಕಟ್ಟಿ ಹೆಗಲಿಗೇರಿಸಿಕೊಂಡು, ಛತ್ರಿ ಬಿಡಿಸಿ, ಗೇಟಿನ ಹತ್ತಿರ ಹೋಗಿ ತಿರುಗಿ ನಿಂತರು.

‘ಇನ್ನೊಂದು ಚೀಲ ಆಗೋ ಹೊತ್ತಿಗೆ ಫೋನ್ ಮಾಡಿ’ ಅಂದರು.